ಅಧ್ಯಕ್ಷರ ಜೇನು

ಡಟನ್ ದಿಣ್ಣೆ, ಟೆನೆಸಿ
೧೪ ಜನವರಿ ೧೯೪೫

ಪ್ರೀತಿಯ ತಮ್ಮ ಹೋಬಾರ್ಟ್,

ಜೇನಿಗೆ ಸುದ್ದಿ ಹೇಳುವ ಕಥೆಯನ್ನು ಪೂರ್ತಿ ಬರೆದು ಕಳಿಸು ಎಂದು ಕೇಳಿದ್ದೀಯ. ಅದನ್ನು ಮೊದಲು ಹೇಳಿದವಳು ನಮ್ಮ ಸಫ್ರೋನಿಯಾ ಅಜ್ಜಿ. ಸರ್ಕಾರ ಅಣೆಕಟ್ಟು ಕಟ್ಟಿ ನಮ್ಮ ಕಣಿವೆಯನ್ನು ನೀರಲ್ಲಿ ಮುಳುಗಿಸುವ ಮುಂಚಿನ ಚಳಿಗಾಲದಲ್ಲಿ, ಹಳೆಯ ಮನೆಯ ಒಲೆಯ ಮುಂದೆ ಕೂತು, ಬೀನ್ಸ್ ಬಿಡಿಸುತ್ತಾ ಹೇಳಿದಳು. ನೀನು ಆಗ ದೇಶದ ಅಧ್ಯಕ್ಷರು ಹುಡುಗರಿಗೆಂದು ತೆರೆದ ಅರಣ್ಯ ಶಿಬಿರದಲ್ಲಿ ಸಸಿ ನೆಡುತ್ತಿದ್ದೆ. ಅದಕ್ಕೇ ನಿನಗೆ ಅರ್ಧ ಕಥೆ ಮಾತ್ರ ಗೊತ್ತು.

ಮನೆಯ ಯಜಮಾನ ಸತ್ತರೆ ಮನೆಯ ಹಿರಿಯ ಹೆಂಗಸು ಬೀಗದ ಕೈ ಹಿಡಿದು ಜೇನುಗೂಡಿನ ಹತ್ತಿರ ಹೋಗಬೇಕು. ಮೆಲ್ಲಗೆ ತಟ್ಟಿ, ಯಜಮಾನರು ಹೋದರು, ಇನ್ನು ಮೇಲೆ ಇಂಥವರು ನಿಮ್ಮ ಯಜಮಾನರು ಎಂದು ಹೆಸರು ಹಿಡಿದು ಹೇಳಬೇಕು. ಆಮೇಲೆ ಗೂಡಿಗೆ ಕರಿ ಬಟ್ಟೆ ಕಟ್ಟಬೇಕು. ಹೇಳದಿದ್ದರೆ ಜೇನು ಎದ್ದು ಯಜಮಾನನನ್ನು ಹುಡುಕಿಕೊಂಡು ಹೋಗುತ್ತದೆ. ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧವಾದಾಗ ಅಜ್ಜಿಯ ಅಪ್ಪ ಉತ್ತರದವರ ಕಡೆ ಸೇರಿ ಹೋಗಿದ್ದರಲ್ಲ, ಆ ವಸಂತದಲ್ಲಿ ಜೇನೆಲ್ಲ ಎದ್ದು ದಕ್ಷಿಣಕ್ಕೆ ಹೋಯಿತಂತೆ. ಎಲೆ ಉದುರುವ ಹೊತ್ತಿಗೆ ವಾಪಸ್ಸು ಬಂತು. ಆ ಸಲದ ಜೇನುತುಪ್ಪಕ್ಕೆ ನಮ್ಮ ಕಣಿವೆಯ ಯಾವ ಹೂವಿನ ವಾಸನೆಯೂ ಇರಲಿಲ್ಲ. "ಅವು ಅಪ್ಪನ ಮಣ್ಣು ನೋಡ್ಕೊಂಡು ಬಂದಿದ್ವು ಕಣೆ. ಆ ಮಣ್ಣಿನ ಮೇಲಿನ ಹೂವಿನ ವಾಸ್ನೆ ಅದು" ಎಂದಳು ಅಜ್ಜಿ. ಸತ್ತ ಸುದ್ದಿ ಮನುಷ್ಯರ ಬಾಯಿಂದ ಬಂದದ್ದು ಕ್ರಿಸ್‌ಮಸ್ ಕಳೆದ ಮೇಲೆ.

ಇನ್ನು ನಿನಗೆ ಗೊತ್ತಿಲ್ಲದ ಭಾಗ. ಮನೆ ಎತ್ತಿಸಲು, ಗೋರಿ ಎತ್ತಿಸಲು ಸರ್ಕಾರದವರು ಬಂದಾಗ ನಮ್ಮ ಅಪ್ಪ ತೀರಿಕೊಂಡು ವರ್ಷವಾಗಿತ್ತು, ನೀನು ಊರಲ್ಲಿರಲಿಲ್ಲ. ಗೂಡನ್ನು ಜಾಗ ಬದಲಾಯಿಸುವಾಗಲೂ ಯಜಮಾನನ ಹೆಸರು ಹೇಳಲೇಬೇಕು. ಅಮ್ಮ ಬೀಗದ ಕೈ ತಗೊಂಡು ಹೋಗಿ, "ನಮ್ಮನ್ನ ಎಬ್ಬಿಸ್ತಿರೋರು ಅಧ್ಯಕ್ಷರು. ಇನ್ಮೇಲೆ ಅವರೇ ನಿಮ್ಮ ಯಜಮಾನ್ರು" ಎಂದುಬಿಟ್ಟಳು. ಲೈಜ್ ಚಿಕ್ಕಪ್ಪ ನಕ್ಕು ನಕ್ಕು ಕೆಮ್ಮಿದ. "ವರ್ಡಿ ಅತ್ತಿಗೆ, ನಿನ್ನ ಅಧ್ಯಕ್ಷನಿಗೆ ಜೇನು ಕಚ್ಚಿದ್ರೆ ಹೇಗಿರುತ್ತೆ ಅಂತಾದ್ರೂ ಗೊತ್ತೇನೆ?" ಎಂದ. ಅಮ್ಮ, "ದೀಪ ಕೊಡ್ತೀನಿ ಅಂದವ್ರು ಜೇನನ್ನೂ ನೋಡ್ಕೋತಾರೆ. ನಿನ್ನ ಪಕ್ಷದೋರು ಎರಡರಲ್ಲಿ ಒಂದನ್ನೂ ಕೊಡ್ಲಿಲ್ಲ" ಎಂದಳು.

ಕರೆಂಟಿನ ದೀಪವೇನೋ ಬಂತು. ಅದರ ಕೆಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಹಳೆಯ ಅಡುಗೆಮನೆಯ ಮೇಲೆ ನಿಂತ ನೀರೇ ಇದನ್ನು ಉರಿಸುತ್ತಿದೆ ಎಂದು ಒಮ್ಮೊಮ್ಮೆ ನೆನಪಾಗುತ್ತದೆ. ಆಗ ಆರಿಸಿ ಮಲಗುತ್ತೇನೆ.

ನಿನ್ನ ಅಕ್ಕ,
ಓರ್ಲೀನಾ


ಎಲ್ಲಿಂದ ಎಂದು ಬರೆಯುವಂತಿಲ್ಲ
೪ ಮಾರ್ಚ್ ೧೯೪೫

ಅಕ್ಕಾ,

ನಿನ್ನ ಕಥೆಯನ್ನು ಡೇರೆಯಲ್ಲಿ ಓದಿ ಹೇಳಿದೆ. ನಮ್ಮ ಪಡೆಯ ಟ್ರಕ್ ಓಡಿಸುವವರೆಲ್ಲ ಸುತ್ತ ಕೂತಿದ್ದರು. ಆಮೇಲೆ ಡೆಲ್ಮರ್ ಎಂಬ ಓಹಾಯೋ ಹುಡುಗ, "ಲೋ ಟೆನೆಸಿ, ಜೇನಿಗೆ ಸುಳ್ಳು ಸುದ್ದಿ ಹೇಳಿದ್ರೆ ಏನಾಗುತ್ತೋ? ಬದುಕಿರೋನು ಸತ್ತ ಅಂದ್ರೆ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತೇ?

ಇಲ್ಲಿ ರಸ್ತೆಯಲ್ಲಿ ಧೂಳು, ಡೇರೆಯಲ್ಲಿ ಸೊಳ್ಳೆ. ಈ ಸೊಳ್ಳೆಗಳಿಗೆ ನನ್ನ ಮೇಲೆ ಎಂಥ ಪ್ರೀತಿ ಎಂದರೆ, ಬೇರೆಯವರು ನನ್ನ ಪಕ್ಕದ ಮಂಚಕ್ಕಾಗಿ ಜಗಳವಾಡುತ್ತಾರೆ. ನಾನಿದ್ದರೆ ಅವರನ್ನು ಮುಟ್ಟುವುದಿಲ್ಲವಂತೆ. ಅಮ್ಮನಿಗೆ ಹೇಳು, ನಾನು ಚೆನ್ನಾಗಿದ್ದೇನೆ. ಮೆಕ್ಕೆಜೋಳದ ರೊಟ್ಟಿಯ ಕನಸು ಬೀಳುತ್ತದೆ ಎಂದು ಮಾತ್ರ ಹೇಳಬೇಡ, ಅಳುತ್ತಾಳೆ.

ಹೋಬಾರ್ಟ್


ಡಟನ್ ದಿಣ್ಣೆ
೧೫ ಏಪ್ರಿಲ್ ೧೯೪೫

ತಮ್ಮಾ,

ನಿನಗೂ ಸುದ್ದಿ ಮುಟ್ಟಿರುತ್ತದೆ. ಗುರುವಾರ ಸಂಜೆ ರೇಡಿಯೋದಲ್ಲಿ ಹೇಳಿದರು. ಅಮ್ಮ ಹಿಟ್ಟು ಕಲಸುತ್ತಿದ್ದಳು. ಅದೇ ರೇಡಿಯೋದಲ್ಲಿ ಪಕ್ಕದ ಮನೆಯವರ ಹಾಗೆ ನಮ್ಮ ಜೊತೆ ಮಾತಾಡುತ್ತಿದ್ದ ಅಧ್ಯಕ್ಷರ ಸಾವನ್ನು ಬೇರೆ ಯಾರದೋ ದನಿ ಹೇಳಿತು. ಅಮ್ಮ ಕೈಯನ್ನೂ ತೊಳೆಯಲಿಲ್ಲ. ಸಾವಿನ ಮನೆಯಲ್ಲಿ ಮಾಡುವ ಹಾಗೆ ಗಡಿಯಾರ ನಿಲ್ಲಿಸಿದಳು, ಕನ್ನಡಿಗೆ ಬಟ್ಟೆ ಹಾಕಿದಳು, ಗೋಡೆಯಿಂದ ಬೀಗದ ಕೈ ತೆಗೆದಳು.

ಗೂಡಿನ ಮುಂದೆ ನಿಂತ ಮೇಲೆ ತಿರುಗಿ, "ಹೊಸ ಯಜಮಾನ್ರ ಹೆಸರೇನೇ?" ಎಂದಳು.

ಉಪಾಧ್ಯಕ್ಷರ ಹೆಸರು ಯಾರಿಗೆ ನೆನಪಿರುತ್ತದೆ ಹೋಬಾರ್ಟ್? ನನಗೆ ನೆನಪಿರಲಿಲ್ಲ. ಬೇಲಿಯಾಚೆ ಇದ್ದ ಲೈಜ್ ಚಿಕ್ಕಪ್ಪನನ್ನು ಕೂಗಿದೆ. "ಮಿಸೌರಿ ಕಡೆಯೋನಂತೆ. ಬಟ್ಟೆ ಅಂಗಡಿ ಇಟ್ಟು ಮುಳುಗಿಸ್ಕೊಂಡೋನಂತೆ. ಹೆಸರು ಬಾಯಿಗೇ ಬರ್ತಿಲ್ಲ ನೋಡು" ಎಂದ. "ಅಂಗಡಿಯೋನು ಅಂತ ಹೇಳೋಕಾಗುತ್ತೇನೋ?" ಎಂದು ಅಮ್ಮ ಬೈದಳು. ಕತ್ತಲಾಗುತ್ತಿತ್ತು. ಹಳೆಯ ಯಜಮಾನರು ಹೋದರು ಎಂದಷ್ಟೇ ಹೇಳಿ ಬಟ್ಟೆ ಕಟ್ಟಿ ಬಂದಳು. ಹೊಸ ಹೆಸರನ್ನು ನಾಳೆ ಹೇಳಿದರಾಯಿತು ಎಂದುಕೊಂಡೆವು.

ಜೇನಿನ ವಿಷಯ ಇಷ್ಟೇ. ಉಳಿದದ್ದೆಲ್ಲ ಸುಖ. ಸುಳ್ಳು ಸುದ್ದಿಯ ಬಗ್ಗೆ ಕೇಳಿದ್ದೆಯಲ್ಲ, ಆ ಮಾತನ್ನು ನಾನೂ ಅಜ್ಜಿಗೆ ಕೇಳಿದ್ದೆ. "ಜೇನಿಗೆ ಸುಳ್ಳು ಹೇಳಿದೋರು ಯಾರೂ ಇಲ್ಲ. ಅದಕ್ಕೇ ಆ ಕಥೇನೂ ಇಲ್ಲ" ಎಂದಿದ್ದಳು.

ಓರ್ಲೀನಾ


ಎಲ್ಲಿಂದ ಎಂದು ಬರೆಯುವಂತಿಲ್ಲ
೧೬ ಏಪ್ರಿಲ್ ೧೯೪೫

ಅಕ್ಕಾ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಗಬೇಡ.

ಶುಕ್ರವಾರ ಬೆಳಿಗ್ಗೆ ಎದ್ದಾಗ ಡೇರೆಯ ಕಂಬಕ್ಕೆ ನೇತುಹಾಕಿದ್ದ ನನ್ನ ಹೆಲ್ಮೆಟ್ಟು ಕಾಣಲಿಲ್ಲ. ಅದರ ತುಂಬ ಜೇನು, ದ್ರಾಕ್ಷಿ ಗೊಂಚಲಿನ ಹಾಗೆ ಇಳಿಬಿದ್ದಿತ್ತು. ಈ ದ್ವೀಪದ ಜೇನನ್ನು ನೋಡಿದ್ದೇನೆ, ಉದ್ದನೆಯ ಹುಳು, ಮುಟ್ಟಿದರೆ ಅಟ್ಟಿಸಿಕೊಂಡು ಬರುತ್ತದೆ. ಇವು ಗಿಡ್ಡಗೆ, ಕಪ್ಪಗೆ ಇದ್ದವು, ನಮ್ಮ ಮನೆಯವುಗಳ ಹಾಗೆ. ನಮ್ಮ ಬಟ್ಟೆ ಒಗೆಯುವ ಹೆಂಗಸಿನ ಅಪ್ಪ, ಇಸ್ಕೋ ಎಂಬ ಮುದುಕ, ಹತ್ತಿರ ಬಂದು ನೋಡಿದ. "ಇವು ನಮ್ಮ ಕಡೆಯವಲ್ಲ ಕಣಪ್ಪ. ತುಂಬ ದಣಿದಿವೆ" ಎಂದ. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೋದ.

ಹೆಲ್ಮೆಟ್ಟಿಲ್ಲದೆ ಟ್ರಕ್ ಹತ್ತುವಂತಿಲ್ಲ. ಸಾರ್ಜೆಂಟ್ ನನಗೆ ಬಾಯಿಗೆ ಬಂದಂತೆ ಬೈದು, ನನ್ನ ಟ್ರಕ್ಕಿಗೆ ಡೆಲ್ಮರ್‌ನನ್ನು ಹತ್ತಿಸಿ ಕಳಿಸಿದ. ವಾಪಸ್ಸು ಬಾರದ ಆ ಟ್ರಕ್ಕಿನ ವಿಷಯ ನಾನು ಬರೆಯುವುದಿಲ್ಲ. ನೀನೂ ಕೇಳಬೇಡ.

ಮಧ್ಯಾಹ್ನ ಧ್ವನಿವರ್ಧಕದಲ್ಲಿ ಅಧ್ಯಕ್ಷರು ಹೋದರೆಂದೂ ಹೊಸಬರ ಹೆಸರನ್ನೂ ಹೇಳಿದರು. ಅಮ್ಮ ಜೇನಿಗೆ ಹೇಳಿದಳೇ? ಪೂರ್ತಿ ಹೇಳಿದಳೇ? ಏನೋ ಅರ್ಧಕ್ಕೆ ಬಿಟ್ಟಿದ್ದಾಳೆ ಎಂದು ನನಗೆ ಅನಿಸಿತು. ನನ್ನ ಪೆಟ್ಟಿಗೆಯ ಬೀಗದ ಕೈಯಿಂದ ಕಂಬವನ್ನು ತಟ್ಟಿ, ಹೊಸ ಅಧ್ಯಕ್ಷರ ಹೆಸರು ಹೇಳಿದೆ. "ನಾನು ವರ್ಡಿಯ ಮಗ, ಬದುಕಿದ್ದೀನಿ. ಮನೆಗೆ ಹೋಗಿ" ಎಂದೂ ಹೇಳಿದೆ. ಸ್ವಲ್ಪ ಹೊತ್ತು ಹೆಲ್ಮೆಟ್ಟಿನೊಳಗೆ ಒಂದೇ ದನಿ ಮೊಳಗಿತು. ಆಮೇಲೆ ಎಲ್ಲವೂ ಎದ್ದು ಸಮುದ್ರದ ಕಡೆಗೆ ಹೋದವು.

ಅಂದಿನಿಂದ ಮೈಯಲ್ಲಿ ಚಳಿ ಚಳಿ. ಜ್ವರ ಬರುವ ಹಾಗಿದೆ. ನಾಳೆ ಇದನ್ನು ಅಂಚೆಗೆ ಹಾಕುತ್ತೇನೆ.

ಹೋಬಾರ್ಟ್


ಡಟನ್ ದಿಣ್ಣೆ
೨೪ ಜೂನ್ ೧೯೪೫

ತಮ್ಮಾ,

ಮಾರ್ಚಿನ ಕಾಗದದ ಮೇಲೆ ನಿನ್ನದು ಒಂದೂ ಬಂದಿಲ್ಲ. ಅಂಚೆಯ ತಡ ಎಂದು ಅಮ್ಮನಿಗೆ ಹೇಳುತ್ತಿದ್ದೇನೆ.

ಏಪ್ರಿಲ್‌ನಲ್ಲಿ ನಿನಗೆ ಒಂದು ವಿಷಯ ಮುಚ್ಚಿಟ್ಟೆ. ನಮ್ಮ ಜೇನು ಆವತ್ತೇ ಹೋಯಿತು. ಅಮ್ಮ ಕರಿ ಬಟ್ಟೆ ಕಟ್ಟಿ ಮೆಟ್ಟಿಲು ಹತ್ತುವಷ್ಟರಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, ಯಾವ ಜೇನೂ ಏಳದ ಹೊತ್ತಿನಲ್ಲಿ, ಎದ್ದು ಅಣೆಕಟ್ಟಿನ ಕೆರೆಯ ಮೇಲೆ ಹಾದು ಹೋಯಿತು. ಅವು ಹೋಗುವಾಗ ಮನೆಯ ದೀಪ ಸಣ್ಣಗಾಗಿ ಮತ್ತೆ ಹತ್ತಿತು. ನಮ್ಮ ಕೆರೆಯ ಕರೆಂಟನ್ನೆಲ್ಲ ಸರ್ಕಾರದವರು ಗುಟ್ಟಾಗಿ ಬೇಲಿ ಹಾಕಿ ಕಟ್ಟಿದ ಆ ಯುದ್ಧದ ಕಾರ್ಖಾನೆ ಎಳೆದುಕೊಳ್ಳುತ್ತದೆ, ಅದಕ್ಕೇ ಹಾಗೆ ಎಂದ ಲೈಜ್ ಚಿಕ್ಕಪ್ಪ. ಅಲ್ಲಿ ಏನು ಮಾಡುತ್ತಾರೆಂದು ಅಲ್ಲಿ ಕೆಲಸ ಮಾಡುವವರಿಗೂ ಗೊತ್ತಿಲ್ಲ.

ಅಮ್ಮ ದಿನಾ ಬೆಳಿಗ್ಗೆ ಖಾಲಿ ಗೂಡಿಗೆ ಕಿವಿಗೊಟ್ಟು ನಿಲ್ಲುತ್ತಾಳೆ. ನಿನ್ನೆ ಚಿಕ್ಕಪ್ಪ, "ಏನತ್ತಿಗೆ, ಜೇನು ವಾಷಿಂಗ್ಟನ್‌ಗೆ ಹೋಗಿ ಅಹವಾಲು ಕೊಡ್ತಿದೆಯೇನೆ?" ಎಂದು ಕೆಣಕಿದ. ಅವಳು ಬೈಯಲಿಲ್ಲ. "ಅಧ್ಯಕ್ಷರು ಒಂದು ಕೈಲಿ ದೀಪ ಕೊಟ್ರು, ಇನ್ನೊಂದು ಕೈಲಿ ಮಗನ್ನ ಕರ್ಕೊಂಡ್ರು. ಇವು ಯಾವ ಕೈ ಹುಡುಕ್ಕೊಂಡು ಹೋದ್ವೋ" ಎಂದಳು. ಚಿಕ್ಕಪ್ಪ ಟೋಪಿ ಸರಿ ಮಾಡಿಕೊಂಡು ಎದ್ದು ಹೋದ.

ಒಂದು ಸಾಲು ಬರೆ. ನಿನ್ನ ಹೆಸರು ಮಾತ್ರ ಬರೆದರೂ ಸಾಕು.

ಓರ್ಲೀನಾ


ಡಟನ್ ದಿಣ್ಣೆ
೯ ಸೆಪ್ಟೆಂಬರ್ ೧೯೪೫

ಹೋಬಾರ್ಟ್,

ಯುದ್ಧ ಮುಗಿಯಿತು. ಬೇಲಿಯೊಳಗೆ ಏನು ಮಾಡುತ್ತಿದ್ದರೆಂದು ಈಗ ಎಲ್ಲರಿಗೂ ತಿಳಿದಿದೆ. ನಮ್ಮ ಗದ್ದೆ, ನಮ್ಮ ಅಡುಗೆಮನೆಗಳ ಮೇಲಿನ ನೀರು ಕಡಲಾಚೆಯ ಆ ಎರಡು ಊರುಗಳ ಮೇಲೆ ಅಣುಬಾಂಬಿನ ಬೆಂಕಿಯಾಗಿ ಬಿತ್ತು. ಅದನ್ನು ಕೇಳಿದ ದಿನ ಅಮ್ಮ ದೀಪ ಹಾಕಲಿಲ್ಲ. ದಿಣ್ಣೆಯವರು ಕೆಳಗೆ ಕುಣಿಯುತ್ತಿದ್ದರು, ನಾವು ಸೀಮೆಎಣ್ಣೆ ಬುಡ್ಡಿ ಹಚ್ಚಿ ಕೂತಿದ್ದೆವು.

ಎಲ್ಲರ ಮಕ್ಕಳದೂ ಕಾಗದ ಬಂತು, ನಿನ್ನದು ಮಾತ್ರ ಬಂದಿಲ್ಲ.

ನಿನ್ನೆ ಜೇನು ವಾಪಸ್ಸು ಬಂತು. ಕರಿ ಬಟ್ಟೆಯ ಮೇಲೆ ಕೂತು, ಒಂದೊಂದಾಗಿ ಒಳಗೆ ಹೋದವು. ಇವತ್ತು ಬೆಳಿಗ್ಗೆ ನಾನು ಒಂದು ಜೇನುಹಲ್ಲೆಯ ತುದಿ ಮುರಿದು ನೋಡಿದೆ. ಸೋರ್‌ವುಡ್ ಹೂವಿನ ವಾಸನೆಯಿಲ್ಲ, ನಮ್ಮ ಬೆಟ್ಟದ ಯಾವುದರದ್ದೂ ಇಲ್ಲ. ಮಲ್ಲಿಗೆಯಂಥದ್ದು, ಜೊತೆಗೆ ಉಪ್ಪು. ಅಮ್ಮ ನಾಲಿಗೆಗೆ ಮುಟ್ಟಿಸಿಕೊಂಡು ಹೊಸ್ತಿಲ ಮೇಲೆ ಕೂತಳು.

"ಮಣ್ಣು ನೋಡ್ಕೊಂಡು ಬಂದಿದಾವೆ ಕಣೆ" ಎಂದಳು.

ನಾಳೆ ಜೇನಿಗೆ ನಿನ್ನ ಸಾವು ಹೇಳುತ್ತಾಳಂತೆ. ನಾನು ಬೀಗದ ಕೈಯನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಈ ಕಾಗದ ನಿನಗೆ ಸಿಕ್ಕರೆ ನನ್ನನ್ನು ಚೆನ್ನಾಗಿ ಬೈ.

ಓರ್ಲೀನಾ


ಮನಿಲಾ ಹತ್ತಿರದ ಸೇನೆಯ ಆಸ್ಪತ್ರೆ
೩ ಅಕ್ಟೋಬರ್ ೧೯೪೫

ಅಕ್ಕಾ,

ನಿನ್ನ ಕಾಗದಗಳೆಲ್ಲ ನಿನ್ನೆ ಒಟ್ಟಿಗೆ ಸಿಕ್ಕವು, ಕೊನೆಯದು ಜೂನ್‌ದು. ಆಮೇಲೆ ಬರೆದದ್ದು ಇನ್ನೂ ದಾರಿಯಲ್ಲಿರಬೇಕು. ಏಪ್ರಿಲ್‌ನಿಂದ ಜ್ವರ, ಅದರ ಮೇಲೆ ಕಾಮಾಲೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೊತ್ತು ತಿರುಗಿದರು. ನರ್ಸಮ್ಮ ಬರೆದುಕೊಡುತ್ತೇನೆ ಎಂದಳು. ಬೇರೆಯವರ ಅಕ್ಷರ ನೋಡಿದರೆ ಅಮ್ಮ ಹೆದರಿಕೊಳ್ಳುತ್ತಾಳೆ ಎಂದು ನಾನೇ ಬೇಡವೆಂದೆ. ತಪ್ಪು ಲೆಕ್ಕ ಹಾಕಿದೆ ಎಂದು ಈಗ ಗೊತ್ತಾಗುತ್ತಿದೆ. ಏಪ್ರಿಲ್‌ನಲ್ಲಿ ಬರೆದು ಅಂಚೆಗೆ ಹಾಕದೆ ಉಳಿದದ್ದನ್ನೂ ಇದರ ಜೊತೆ ಇಟ್ಟಿದ್ದೇನೆ, ಮೊದಲು ಅದನ್ನು ಓದು.

ಈಗ ಜ್ವರವಿಲ್ಲ, ನಡೆದಾಡುತ್ತೇನೆ. ಆದರೆ ಇನ್ನೊಂದು ಶುರುವಾಗಿದೆ. ಸೆಪ್ಟೆಂಬರ್ ಎರಡನೆಯ ವಾರದಿಂದ ನನಗೆ ಸೊಳ್ಳೆ ಕಚ್ಚುತ್ತಿಲ್ಲ. ಮೊದಮೊದಲು ಖುಷಿಪಟ್ಟೆ. ತೋಳು ಬಿಚ್ಚಿಕೊಂಡು ಬಾಗಿಲಲ್ಲಿ ಕೂತೆ. ಅವು ಬರುತ್ತವೆ, ನನ್ನನ್ನು ಹಾದು ಹೋಗುತ್ತವೆ. ಆಮೇಲೆ ಊಟದ ಸಾಲಿನಲ್ಲಿ ಸೌಟು ಹಿಡಿದವನು ನನ್ನ ಹಿಂದಿನವನಿಗೆ ಬಡಿಸಿದ. "ಅಣ್ಣಾ, ನಾನಿದ್ದೀನಿ" ಎಂದರೆ ಬೆಚ್ಚಿಬಿದ್ದ. "ಎಲ್ಲಿಂದ ಬಂದ್ಯೋ ಮಾರಾಯಾ!" ಎಂದ. ನರ್ಸಮ್ಮ ನನ್ನ ಮಂಚ ಬಿಟ್ಟು ಮುಂದಿನದಕ್ಕೆ ಹೋಗುತ್ತಾಳೆ. ಕರೆದರೆ ತಿರುಗಿ ನೋಡುತ್ತಾಳೆ, ನನ್ನ ಬಲಗಡೆಯ ಗೋಡೆ ನೋಡಿ ಮಾತಾಡುತ್ತಾಳೆ. ನಾಯಿಗಳೂ ಅಷ್ಟೆ.

ಇದೆಲ್ಲ ತಮಾಷೆ ಎಂದೇ ಇಟ್ಟುಕೊಳ್ಳೋಣ. ಆದರೆ ಊರಿಗೆ ಹೋಗುವ ಹಡಗು ಬಂದಾಗಲೆಲ್ಲ ಅಂಗಳದಲ್ಲಿ ನಿಲ್ಲಿಸಿ ಹೆಸರು ಕೂಗುತ್ತಾರೆ. ಕೂಗಿದವನು "ಇದ್ದೀನಿ" ಎಂದು ಹೋಗಿ ಹತ್ತಬೇಕು. ಪಟ್ಟಿಯಲ್ಲಿ ನನ್ನ ಹೆಸರು ಬರೆದಿರುವುದನ್ನು ಕಣ್ಣಾರೆ ನೋಡಿದ್ದೇನೆ. ಕೂಗುವವನು ಅದರ ಹಿಂದಿನದನ್ನು ಕೂಗುತ್ತಾನೆ, ಮುಂದಿನದನ್ನು ಕೂಗುತ್ತಾನೆ. ಹಡಗುಗಳು ಹೋದವು. ವಾರ್ಡು ಖಾಲಿಯಾಗುತ್ತಿದೆ.

ಅಕ್ಕಾ, ಕನ್ನಡಿಯಲ್ಲಿ ನಾನು ಕಾಣುತ್ತೇನೆ. ದಿನಾ ನೋಡಿಕೊಳ್ಳುತ್ತೇನೆ. ಆದರೆ ಯಾರೂ ನನ್ನ ಹೆಸರು ಕೂಗದಿದ್ದರೆ ನಾನು ಮನೆಗೆ ಬರುವುದು ಹೇಗೆ?

ಹೋಬಾರ್ಟ್


ಡಟನ್ ದಿಣ್ಣೆ
೨೮ ಅಕ್ಟೋಬರ್ ೧೯೪೫

ನನ್ನ ತಮ್ಮಾ,

ನಿನ್ನ ಎರಡೂ ಕಾಗದ ಶುಕ್ರವಾರ ಬಂದವು. ಲಕೋಟೆಯ ಮೇಲಿನ ಅಕ್ಷರ ನೋಡಿ ಅಂಗಳದಲ್ಲೇ ಕೂತುಬಿಟ್ಟೆ. ಅಮ್ಮ ಬಂದು, "ಏನೇ, ಸರ್ಕಾರದ್ದಾ?" ಎಂದಳು. "ಅಲ್ಲಮ್ಮ, ಅವನದೇ" ಎಂದೆ. ಅವಳು ನಂಬಲಿಲ್ಲ. ಲಕೋಟೆಯನ್ನು ಮೂಸಿ ನೋಡಿದಳು. ಅದಕ್ಕೆ ಆ ಜೇನುತುಪ್ಪದ ವಾಸನೆಯೇ ಇತ್ತು.

ಸೆಪ್ಟೆಂಬರ್ ಎರಡನೆಯ ವಾರ ಇಲ್ಲಿ ನಡೆದದ್ದನ್ನು ಕೇಳು. ಆಗಿನ ಕಾಗದದಲ್ಲಿ ಬರೆದ ಹಾಗೆ ನಾನು ಬೀಗದ ಕೈ ಬಚ್ಚಿಟ್ಟೆನಲ್ಲ, ಅಮ್ಮ ಹುಡುಕಲೇ ಇಲ್ಲ. ನಾನು ಹಾಲು ಕರೆಯಲು ಹೋದಾಗ ನಿನ್ನ ಹಳೆಯ ಚಮಚ ತಗೊಂಡು ಹೋಗಿ ಗೂಡು ತಟ್ಟಿ, ನೀನು ಹೋದೆ ಎಂದು ಹೇಳಿಬಿಟ್ಟಳು. ನಾನು ಓಡಿ ಬರುವಷ್ಟರಲ್ಲಿ ಕರಿ ಬಟ್ಟೆಗೆ ಇನ್ನೊಂದು ಗಂಟು ಹಾಕುತ್ತಿದ್ದಳು. ಜೇನು ಒಮ್ಮೆಗೇ ಮೌನವಾಗಿತ್ತು. ಅಂದಿನಿಂದ ಅವು ನಮ್ಮ ಕಡೆ ತಿರುಗಿಲ್ಲ. ಹೋಗುತ್ತವೆ, ಬರುತ್ತವೆ, ಕೈ ಅಡ್ಡ ಹಿಡಿದರೆ ಸುತ್ತು ಹಾಕಿ ಹೋಗುತ್ತವೆ.

ಶುಕ್ರವಾರ ಸಂಜೆ ದಿಣ್ಣೆಯವರೆಲ್ಲ ನಮ್ಮ ಜಗುಲಿಯಲ್ಲಿ ಸೇರಿದರು. ಮೊದಲು ಏಪ್ರಿಲ್‌ದು, ಆಮೇಲೆ ಅಕ್ಟೋಬರ್‌ದು ಓದಿದೆ. ಸೊಳ್ಳೆಯ ಮಾತು ಬಂದಾಗ ಯಾರೋ ನಗಲು ಹೋಗಿ ನಿಲ್ಲಿಸಿದರು. ಹೆಸರು ಕೂಗುವ ಜಾಗ ಬಂದಾಗ ಅಮ್ಮ ಏಪ್ರನ್ನನ್ನು ಬಾಯಿಗೆ ಒತ್ತಿಕೊಂಡಳು.

"ನಾನೇ ಅಳಿಸಿಬಿಟ್ಟೆನಲ್ಲೋ ಅವನನ್ನ. ಸತ್ತೋರ ಸುದ್ದಿ ಹೇಳೋಕೆ ಮಾತಿದೆ. ಬದುಕಿರೋನ ಸುದ್ದಿ ಹೇಳೋಕೆ ನಮ್ಮ ಹಿರೀಕರು ಒಂದು ಮಾತೂ ಮಾಡಿಟ್ಟಿಲ್ವಲ್ಲೋ!"

ಲೈಜ್ ಚಿಕ್ಕಪ್ಪ, ಇಷ್ಟು ವರ್ಷ ನಕ್ಕವನು, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಹಿರೀಕರು ಮಾಡಿಲ್ಲ ಅಂದ್ರೆ ನಾವು ಮಾಡೋಣ ಅತ್ತಿಗೆ. ಈ ದಿಣ್ಣೆ ಮೇಲೆ ಈಗ ನಾವೇ ಹಿರೀಕರು" ಎಂದ.

ಅವತ್ತು ಯಾರೂ ಬೇಗ ಮನೆಗೆ ಹೋಗಲಿಲ್ಲ. ಹೋದವರು ಏನು ಮಾಡಿದರೆಂದು ಮಾರನೆಯ ಬೆಳಿಗ್ಗೆ ತಿಳಿಯಿತು.

ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ ಒಬ್ಬೊಬ್ಬರಾಗಿ ಬಂದರು. ಮದುವೆಯಾದರೆ ಜೇನಿಗೂ ಒಂದು ತುಂಡು ಕೇಕ್ ಇಡುತ್ತೇವಲ್ಲ, ಹಾಗೆ ಒಬ್ಬಳು ಒಣಸೇಬಿನ ಪದರದ ಕೇಕ್ ಮಾಡಿ ತಂದಿದ್ದಳು. ಇನ್ನೊಬ್ಬಳು ತನ್ನ ಮದುವೆಯ ಕೆಂಪು ರಿಬ್ಬನ್ ತಂದಿದ್ದಳು. ಅಮ್ಮ ಕರಿ ಬಟ್ಟೆ ಬಿಚ್ಚಿ ಒಲೆಗೆ ಹಾಕಿ ಬಂದಳು. ನಾನು ಹಿಟ್ಟಿನ ಡಬ್ಬದಿಂದ ಬೀಗದ ಕೈ ತೆಗೆದುಕೊಟ್ಟೆ, ಬೆಳ್ಳಗಾಗಿತ್ತು. ಅವಳು ತಟ್ಟಿದಳು.

"ನಾನು ನಿಮಗೆ ತಪ್ಪು ಹೇಳ್ದೆ. ಎರಡು ಸಲ ತಪ್ಪು ಹೇಳ್ದೆ. ಬದುಕಿರೋ ಮಗನ್ನ ಸತ್ತ ಅಂದೆ, ತಪ್ಪು. ದೂರದ ಊರಲ್ಲಿ ಕೂತ ದೊಡ್ಡೋರನ್ನ ನಿಮ್ಮ ಯಜಮಾನ್ರು ಅಂದೆ, ಅದೂ ತಪ್ಪು. ನೀವು ಅವರನ್ನ ಹುಡುಕ್ಕೊಂಡು ಹೋಗ್ಲಿಲ್ಲ, ನನ್ನ ಮಗನ ಹತ್ರ ಹೋದ್ರಿ. ನಿಮಗೆ ಮೊದಲಿಂದ್ಲೂ ಗೊತ್ತಿತ್ತು. ಅವನು ಇದ್ದಾನೆ. ಅವನೇ ನಿಮ್ಮ ಯಜಮಾನ. ಹೋಬಾರ್ಟ್ ಮ್ಯಾಡಕ್ಸ್!"

ಕೊನೆಯದನ್ನು ಅವಳು ಕೂಗಿ ಹೇಳಿದಳು. ಆಮೇಲೆ ಚಿಕ್ಕಪ್ಪ ಮುಂದೆ ಬಂದು ಕೂಗಿದ. ಆಮೇಲೆ ನಾನು. ಆಮೇಲೆ ಸಾಲಿನಲ್ಲಿ ನಿಂತವರೆಲ್ಲರೂ, ನಿನ್ನ ಜೊತೆ ಜಗಳವಾಡಿದವರೂ, ನಿನ್ನನ್ನು ಎತ್ತಿ ಆಡಿಸಿದವರೂ, ಒಬ್ಬೊಬ್ಬರಾಗಿ ಗೂಡಿಗೆ ಬಗ್ಗಿ ನಿನ್ನ ಹೆಸರು ಕೂಗಿದರು. ಕೆಳಗಿನ ಕೆರೆ ಅದನ್ನು ತಿರುಗಿ ಹೇಳುತ್ತಿತ್ತು. ಒಂದು ಸಲ, ಒಂದೇ ಸಲ, ನಾವು ಯಾರೂ ಕೂಗದಿದ್ದಾಗಲೂ ಹೇಳಿತು. ಎಲ್ಲರೂ ಕೇಳಿದೆವು, ಯಾರೂ ಯಾರನ್ನೂ ನೋಡಲಿಲ್ಲ.

ಆಮೇಲೆ ಗೂಡಿನೊಳಗೆ ಮೊಳಗು ಎದ್ದಿತು. ಒಂದೇ ದನಿ, ನೀನು ಬರೆದಿದ್ದಂತೆಯೇ. ಒಂದು ಹುಳು ಹೊರಬಂದು ಅಮ್ಮನ ಕೈ ಮೇಲೆ ನಡೆದು, ಹೆಬ್ಬೆರಳ ಬುಡಕ್ಕೆ ಕಚ್ಚಿತು. ಅಮ್ಮ ಅದನ್ನು ಒರೆಸಿಕೊಳ್ಳಲೂ ಇಲ್ಲ. "ನೋಡಿದ್ವು ಕಣೆ, ನಮ್ಮನ್ನ ನೋಡಿದ್ವು" ಎಂದು ಊದಿದ ಕೈಯನ್ನು ಎಲ್ಲರಿಗೂ ತೋರಿಸುತ್ತಾ ನಿಂತಳು. ಗೋಡೆಯ ಮೇಲಿನ ಅಧ್ಯಕ್ಷರ ಪಟ ತೆಗೆಯಲೇ ಎಂದು ಚಿಕ್ಕಪ್ಪ ಕೇಳಿದ. "ಇರ್ಲಿ ಬಿಡೋ, ದೀಪ ಅವರದೇ. ಮಗ ನನ್ನವನು" ಎಂದಳು. ಆಮೇಲೆ ಎಲ್ಲರೂ ಕೂತು ಉಳಿದ ಕೇಕ್ ತಿಂದೆವು, ನಿನ್ನ ಪಾಲನ್ನು ಎತ್ತಿಟ್ಟಿದ್ದೇವೆ.

ಇದೆಲ್ಲ ನಡೆದದ್ದು ನಿನ್ನೆ, ಶನಿವಾರ, ಬೆಳಿಗ್ಗೆ. ನಿನಗೆ ಅದು ಶನಿವಾರದ ರಾತ್ರಿ, ಸೊಳ್ಳೆ ಏಳುವ ಹೊತ್ತು. ಆವತ್ತು ಒಂದಾದರೂ ಕಚ್ಚಿತೇ? ಈ ಕಾಗದ ಸಿಕ್ಕ ಕೂಡಲೇ ಬರೆ. ಇನ್ನೂ ಕಚ್ಚಿಲ್ಲವೆಂದರೆ, ತೋಳು ಬಿಚ್ಚಿಕೊಂಡು ಬಾಗಿಲಲ್ಲಿ ಕೂತಿರು. ನಾವು ಇಲ್ಲಿ ದಿನಾ ಬೆಳಿಗ್ಗೆ ಕೂಗುತ್ತಿರುತ್ತೇವೆ.

ನಿನ್ನ ಅಕ್ಕ,
ಓರ್ಲೀನಾ